ಅರ್ಧ ಸುತ್ತು

"ನನ್ನ ಗೇಜ್ ನಂಗ ಕೊಡ್ರಿ ಅಂದ್ರ ಕೊಡ್ರಿ!"

"ಕೊಡಂಗಿಲ್ಲ!"

ಬೀದರಿನ ಗಾಂಧಿ ಗಂಜಿನ ಪಕ್ಕದ ವೆಲ್ಡಿಂಗ್ ಸಾಮಾನಿನ ಅಂಗಡಿಯಲ್ಲಿ ಗೇಜು ರಿಪೇರಿ ಮಾಡುವ ಈಶ್ವರಿ ಆ ಗೇಜನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದು ನಿಂತಿದ್ದಳು. ಎದುರಿಗೆ ಔರಾದಿನ ಓಂಪ್ರಕಾಶ. ಬಾವಿಗಳಲ್ಲಿ ಮುಳುಗಿ, ತಳಕ್ಕೆ ಬಿದ್ದ ಮೋಟಾರುಗಳನ್ನು ಎತ್ತಿಕೊಡುವುದು ಅವನ ಕಸುಬು. ಬೆನ್ನಿಗೆ ಕಟ್ಟುವ ಸಿಲಿಂಡರಿನಲ್ಲಿ ಗಾಳಿ ಎಷ್ಟು ಉಳಿದಿದೆ ಎಂದು ತೋರಿಸುವ ಗೇಜಿನ ಗಾಜು ಒಡೆದಿತ್ತು. ಗಾಜು ಹಾಕಿಸಲು ಬಂದಿದ್ದ, ಅಷ್ಟೇ.

"ನೋಡ್ರಿ, ಗಾಳಿ ಪೂರಾ ಬಿಟ್ಟೇನಿ. ಆದ್ರೂ ಮುಳ್ಳು ಐವತ್ತರ ಮ್ಯಾಲ ನಿಂತದ. ಇದನ್ನ ನಂಬಿ ಇಳದ್ರ ನೀವು ಮ್ಯಾಲ ಬರಂಗಿಲ್ಲ!"

"ಬೆರಳಿಂದ ಬಡದ್ರ ಇಳೀತದ."

"ಬಾವ್ಯಾಗ ಉಸಿರು ಕಟ್ಟಿದಾಗ ಬಡ್ಕೋತ ಕೂಡ್ತೀರೇನು?"

ಅವನು ತಲೆ ಎತ್ತಿ ಅವಳನ್ನು ನೋಡಿದ. ಅವಳ ಕಣ್ಣಲ್ಲಿ ನೀರಿತ್ತು! ಗುರುತಿಲ್ಲ, ಪರಿಚಯವಿಲ್ಲ, ಯಾವನೋ ಒಬ್ಬನ ಜೀವಕ್ಕೆ ಈ ಹುಡುಗಿ ಯಾಕೆ ಅಳಬೇಕು? ಅದು ಈಶ್ವರಿಗೇ ಗೊತ್ತಿರಲಿಲ್ಲ, ನಾವು ಯಾರನ್ನು ಕೇಳೋಣ!

ಕೊನೆಗೆ ಇಬ್ಬರೂ ಸೇರಿಯೇ ಹೊಸ ಗೇಜನ್ನು ಆರಿಸಿ ಹೈದರಾಬಾದಿನಿಂದ ತರಿಸಿದರು. ದಪ್ಪ ಅಂಕಿಗಳು, ಕತ್ತಲಲ್ಲಿ ಹೊಳೆಯುವ ಮುಖ, ಐವತ್ತರ ಕೆಳಗೆ ಕೆಂಪು ಪಟ್ಟಿ. ಅದು ಬರುವವರೆಗೆ ಓಂಪ್ರಕಾಶ ಆರು ಸಲ ಅಂಗಡಿಗೆ ಬಂದ. ವಿಚಾರಿಸಲು ಫೋನ್ ಸಾಕಿತ್ತು...

ಭಾಲ್ಕಿ ತಾಲೂಕಿನ ಭಾತಂಬ್ರಾದ ಬಾವಿಗೆ ಹೊಸ ಗೇಜಿನೊಂದಿಗೆ ಅವನು ಇಳಿಯುವ ದಿನ ಈಶ್ವರಿಯೂ ಬಂದಳು. ಗೇಜ್ ಹೇಗೆ ನಡೆಯುತ್ತದೆ ನೋಡಬೇಕು ಎಂದು ಮನೆಯಲ್ಲಿ ಹೇಳಿದ್ದಳು. ಪಾಪ, ಮನೆಯವರು ನಂಬಿದ್ದರು.

ಓಂಪ್ರಕಾಶ ಸಿಲಿಂಡರನ್ನು ಬೆನ್ನಿಗೆ ಬಿಗಿದುಕೊಂಡ. ಈಶ್ವರಿಯಿಂದ ಬೇಡಿ ಪಡೆದ ಹಳೆಯ ಗೇಜೂ ಅವನ ಚೀಲದಲ್ಲಿತ್ತು. ಅವನ ಸೊಂಟಕ್ಕೆ ಕಟ್ಟಿದ ಹಗ್ಗ ಜೊತೆಗಾರ ಅಬ್ದುಲ ಗಫೂರ ಚಾಚಾನ ಎರಡೂ ಕೈಯಲ್ಲಿತ್ತು.

"ವಾಲ್ವ್ ನಾ ತೆರೀತೇನಿ ತಡೀರಿ," ಎಂದು ಈಶ್ವರಿ ಮುಂದೆ ಬಂದು ಸಿಲಿಂಡರಿನ ತಿರುಪನ್ನು ತಿರುಗಿಸಿದಳು. ಮುಳ್ಳು ಸರ್ರನೆ ಇನ್ನೂರಕ್ಕೆ ಏರಿತು. ಅವನು ಇಳಿದುಹೋದ.

ಐದು ನಿಮಿಷವೂ ಆಗಿರಲಿಲ್ಲ. ಹಗ್ಗ ಜಗ್ಗಿತು. ಮತ್ತೆ ಜಗ್ಗಿತು. ಆಮೇಲೆ ಹುಚ್ಚು ಹಿಡಿದಂತೆ!

"ಯಾ ಅಲ್ಲಾ! ಎಳೀರಿ, ಎಳೀರಿ!" ಗಫೂರ ಚಾಚಾ ಕೂಗಿದ.

ಊರಿನ ನಾಲ್ಕು ಜನ ಹಗ್ಗಕ್ಕೆ ಕೈ ಹಾಕಿದರು. ಈಶ್ವರಿಯ ಅಂಗೈ ಉಜ್ಜಿ ಸುಲಿಯಿತು. 'ಬಂದುಬಿಡ್ರಿ... ಒಂದ್ಸಲ ಬಂದುಬಿಡ್ರಿ...'

ಬಂದ. ತುಟಿ ನೀಲಿಗಟ್ಟಿತ್ತು. ಕಟ್ಟೆಯ ಮೇಲೆ ಬಿದ್ದು ಕೆಮ್ಮಿ ಕೆಮ್ಮಿ ಉಸಿರೆಳೆದುಕೊಂಡ.

"ಉಸಿರು ಎಳದ್ರ ಮುಳ್ಳು ಸೊನ್ನಿಗಿ ಬೀಳ್ತದ, ಬಿಟ್ರ ಇನ್ನೂರಕ್ಕ ಏರ್ತದ! ಏನಂತ ನಂಬ್ಲಿ? ಹಳೇದೇ ಛಲೋ ಇತ್ತು!"

"ಹೊಸಾದು ಧೋಕಾ ಕೊಡ್ತು ಬೇಟಾ. ಹಳೇದೇ ಹಾಕ್ಕೋ," ಎಂದ ಚಾಚಾ.

ಈಶ್ವರಿಗೆ ಆಗಲೇ ಹೊಳೆಯಿತು. ಮುಳ್ಳು ಹಾಗೆ ಕುಣಿಯುವುದು ಗಾಳಿಯ ದಾರಿ ಸಣ್ಣದಾಗಿದ್ದಾಗ! ವಾಲ್ವ್ ತೆರೆದವಳು ತಾನೇ! ಹೇಳಿದರೆ ಇವನು ಮತ್ತೆ ತನ್ನ ಮುಖ ನೋಡುವುದಿಲ್ಲ. ಹೇಳದಿದ್ದರೆ... ಆ ಹಳೆಯ ಗೇಜು ಕಟ್ಟಿಕೊಂಡು ಇಳಿಯುತ್ತಾನೆ!

ಅವನ ಬೆನ್ನ ಹಿಂದೆ ಹೋಗಿ ವಾಲ್ವ್ ಹಿಡಿದಳು. ಅದು ಇನ್ನೂ ತಿರುಗಿತು. ಒಂದು ಸುತ್ತು, ಎರಡು ಸುತ್ತು... ಎಲ್ಲರೂ ನೋಡಿದರು.

"ಗೇಜಿಂದು ತಪ್ಪಿಲ್ಲರಿ, ನಂದು. ವೆಲ್ಡಿಂಗ್ ಗ್ಯಾಸ್ ಅರ್ಧ ಸುತ್ತೇ ತೆರೀತೇವಿ, ಬೆಂಕಿ ಹತ್ತಿದ್ರ ಲಗೂನ ಬಂದ್ ಮಾಡ್ಲಾಕ. ಅದೇ ರೂಢಿ ಮ್ಯಾಲ ನಿಮ್ದೂ ಅರ್ಧಾನೇ ತೆರೆದೆ... ನಾನೇ ನಿಮ್ಮನ್ನ ಕೊಲ್ತಿದ್ದೆ! ಇನ್ನ ನನ್ನ ಮಾರಿ ನೋಡಬ್ಯಾಡ್ರಿ. ಆದ್ರ ಆ ಹಳೇದು ಮಾತ್ರ ಮುಟ್ಟಬ್ಯಾಡ್ರಿ. ನೀವಿಲ್ಲದ ನಂಗ... ನಂಗ ಇರ್ಲಾಕ ಆಗಂಗಿಲ್ಲ!"

ಅಯ್ಯೋ, ಊರ ಜನರೆದುರು ಹೇಳಿಬಿಟ್ಟಳು! ಗಫೂರ ಚಾಚಾನಿಗೆ ತಟ್ಟನೆ ಹಗ್ಗ ಸುತ್ತುವ ಕೆಲಸ ನೆನಪಾಯಿತು.

ಓಂಪ್ರಕಾಶ ಕಟ್ಟೆಯ ಮೇಲೆ ಎದ್ದು ಕೂತ.

"ತಪ್ಪು ನಂದೂ ಅದ. ಇಳಿಯೂ ಮುಂದ ಮುಳ್ಳು ನೋಡ್ಕೋತ ಎರಡು ಸಲ ಉಸಿರು ಎಳೀಬೇಕು. ವಾಲ್ವ್ ಅರ್ಧ ಇದ್ರ ಮುಳ್ಳು ಅಲ್ಲೇ ಅಲಗಾಡ್ತದ. ಹನ್ನೊಂದು ವರ್ಷ ಒಮ್ಮಿನೂ ತಪ್ಪಿಸಿದ್ದಿಲ್ಲ."

"ಮತ್ತ... ಇವತ್ತ?"

"ಉಸಿರೇನೋ ಎಳದೆ. ನೋಡಿದ್ದು ನಿಮ್ಮನ್ನ."

ಈಶ್ವರಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಅವನು ಸುಲಿದ ಅವಳ ಅಂಗೈಯನ್ನು ಮೆಲ್ಲಗೆ ಹಿಡಿದುಕೊಂಡ.

"ನಾಳಿ ಮತ್ತ ಇಳೀತೇನಿ. ಬರ್ತೀರಿಲ್ಲ?"

"ಬರ್ತೇನಿ..."

"ಬರ್ರಿ. ಆದ್ರ ನನ್ನ ಬೆನ್ನ ಹಿಂದ ನಿಂದರ್ರಿ."

"ಯಾಕರಿ?"

"ಎದುರಿಗಿ ನಿಂತ್ರ ನಂಗ ಮುಳ್ಳು ಕಾಣಂಗಿಲ್ಲ."