ಆಮೆಯ ಪುಟದ ಮಾದರಿ ಬರಹ

“ನಮ್ಮ ವೆಬ್‌ಸೈಟ್ ಸಾಯಿಸೋಕೆ ಬಂದಿರೋರು ನೀವೇನಾ?”

ಬಾಗಿಲಲ್ಲಿ ನಿಂತವನಿಗೆ ಅವಳು ಆಡಿದ ಮೊದಲ ಮಾತೇ ಇದು. ಮೃಗಾಲಯದ ಕಚೇರಿಯಲ್ಲಿ ಕೂತು ಪ್ರಾಣಿಗಳ ಬಗ್ಗೆ ವೆಬ್‌ಸೈಟಿಗೆ ಬರೆಯುವುದು ಅವಳ ಕೆಲಸ.

“ಸಾಯಿಸೋಕಲ್ಲ ಮೇಡಂ. ಅದು ಸತ್ತು ಬಹಳ ದಿನ ಆಯ್ತು. ನಿಮಗೆ ಯಾರೂ ಹೇಳಿಲ್ಲ ಅಷ್ಟೆ.”

ಸುಳ್ಳೇನಲ್ಲ. ಬರಹ ಹಾಕುವ ಆ ಹಳೇ ಸಿಸ್ಟಂ ಎಷ್ಟು ನಿಧಾನವೆಂದರೆ, ಹುಲಿ ಮರಿ ಹಾಕಿದ ಸುದ್ದಿ ಸೈಟಿನಲ್ಲಿ ಕಾಣಿಸುವಷ್ಟರಲ್ಲಿ ಆ ಮರಿಗೇ ಮರಿಯಾಗಿತ್ತು. ನಂಬದವರು ಹುಲಿಯನ್ನೇ ಕೇಳಬಹುದು.

ಇಂಥ ಮುದಿ ಸಿಸ್ಟಂಗಳನ್ನು ಕಿತ್ತು ಹೊಸದು ಕೂರಿಸುವುದೇ ಅವನ ಕಸುಬು. ಕಚೇರಿಯವರು ‘ರಿಪೇರಿ ಸಾಹೇಬ’ ಎಂದು ಹೆಸರಿಟ್ಟರು. ಅವಳು ದಿನಾ ಜಗಳಕ್ಕೆ ನಿಂತಳು. ಜಗಳವಾಡುತ್ತಲೇ, ಅವನು ಊಟಕ್ಕೆ ತಡವಾಗಿ ಬಂದರೆ ತುತ್ತು ಇಳಿಯದ ಸ್ಥಿತಿಗೆ ಬಂದಳು.

ಒಂದು ಮಾತು ಆಡಬಾರದೇ... ಎಂದು ಮನಸ್ಸು ಕಾಯುತ್ತಿತ್ತು. ಅವನೋ, ಬಾಯಿ ಬಿಟ್ಟರೆ ಸರ್ವರ್, ಮುಚ್ಚಿದರೆ ಮೌನ.

ಹೊಸ ಸೈಟಿನ ಪುಟಗಳಲ್ಲಿ ಜಾಗ ತುಂಬಿಸಲು ಅವನು ಅರ್ಥವಿಲ್ಲದ ಮಾದರಿ ಬರಹ ಹಾಕಿದ್ದ. ಅದನ್ನು ಅಳಿಸಿ ನಿಜವಾದದ್ದು ಬರೆಯುವುದು ಅವಳ ಪಾಲಿನ ಕೆಲಸ. ಕೊನೆಯ ವಾರ ಆಮೆಯ ಪುಟ ತೆರೆದಳು.

‘ನಿಮ್ಮ ಜೊತೆ ಜಗಳ ಆಡದ ದಿನ ನನಗೆ ದಿನ ಅನ್ನಿಸೋದೇ ಇಲ್ಲ. ಮದುವೆ ಆಗೋಣವಾ?’

ಎರಡು ಸಲ ಓದಿದಳು. ಕಣ್ಣು ಕೆಳಗಿಳಿಯಿತು. ಅಡಿಯಲ್ಲಿ ಕೆಂಪಕ್ಷರದ ಸಾಲು: ‘ಇದು ಮಾದರಿ ಬರಹ. ಯಾರೂ ನಿಜವೆಂದು ತಿಳಿಯಬಾರದು.’

ಓಹೋ... ತಮಾಷೆ. ನನ್ನಂಥ ಪೆದ್ದಿ ಇನ್ನೊಬ್ಬಳಿಲ್ಲ.

ಅಳಿಸಿದಳು. ಆ ಜಾಗದಲ್ಲಿ ಆಮೆ ಏನೇನು ತಿನ್ನುತ್ತದೆ ಎಂದು ಬರೆದಳು.

ಮರುದಿನ ಅವನು ಪುಟ ನೋಡಿದ. ಉಳಿದ ಕೆಲಸ ಮುಗಿಸಿ, ಹೇಳದೆ ಹೊರಟುಹೋದ.

ಚಿಕ್ಕಮ್ಮ ತಂದ ಸಂಬಂಧಕ್ಕೆ ಅವಳು ಹೂಂ ಅಂದಳು. ಗಂಡ ಕೆಟ್ಟವನಲ್ಲ, ಗೋಡೆಯೂ ಕೆಟ್ಟದ್ದಲ್ಲ. ಗೋಡೆಯ ಜೊತೆ ಎಷ್ಟು ವರ್ಷ ಮಾತಾಡಲಾದೀತು? ಬಿಟ್ಟು ಬಂದಳು.

“ಪ್ರಾಣಿಗಳ ಜೊತೆ ಇದ್ದೂ ಇದ್ದೂ ಕಚ್ಚೋದು ಕಲ್ತಿದ್ದೀಯ ಕಣೇ,” ಎಂದಳು ಚಿಕ್ಕಮ್ಮ.

ಅವನ ‘ಹೊಸ’ ಸಿಸ್ಟಂಗೂ ಮುಪ್ಪು ಬಂತು. ಅಷ್ಟರಲ್ಲಿ ಅವಳೇ ವಿಭಾಗದ ಮುಖ್ಯಸ್ಥೆ. ಅದನ್ನು ಬದಲಿಸುವ ಕೆಲಸ ಕೇಳಿಕೊಂಡು ಬಂದವರಲ್ಲಿ ಅವನೂ ಇದ್ದ. ತಲೆ ಪೂರ್ತಿ ನೆರೆತಿತ್ತು. ಬೇಡವೆಂದು ಕಳಿಸಲೆಂದೇ ಅವಳು ಕೂತಿದ್ದಳು.

“ಯಾಕೆ ಬಂದ್ರಿ?”

“ನಾನು ಕೂರಿಸಿದ್ದನ್ನ ಬೇರೆಯವರು ಕೀಳೋದು ಬೇಡ ಅಂತ.”

“ಮನೇಲಿ ಯಾರಿದ್ದಾರೆ?”

“ಒಂದು ಬೆಕ್ಕು. ಅದೂ ಪಕ್ಕದ ಮನೇದು.”

ಅವಳಿಗೆ ನಗು ಬರಲಿಲ್ಲ. “ಇನ್ನೆಲ್ಲೇ ಕೆಲಸ ಮಾಡಿದ್ರೂ, ಮಾದರಿ ಬರಹಕ್ಕೆ ಪ್ರೀತಿ ಮಾತು ಹಾಕ್ಬೇಡಿ. ಆವತ್ತು ಒಂದು ಗಳಿಗೆ ನಂಬಿಬಿಟ್ಟಿದ್ದೆ.”

ಅವನ ಮುಖ ಬಿಳಿಚಿಕೊಂಡಿತು. “ಮಾದರಿ ಅಂತ ಯಾರು ಹೇಳಿದ್ದು?”

“ನಿಮ್ಮ ಪುಟಾನೇ. ಕೆಳಗೆ ಕೆಂಪಗೆ ಬರೆದಿತ್ತಲ್ಲ.”

ಅವನು ಕುರ್ಚಿ ಎಳೆದು ಕೂತ. ಮಾದರಿ ಪುಟಗಳನ್ನು ನಿಜವೆಂದುಕೊಂಡು ಮೃಗಾಲಯದ ನಿರ್ದೇಶಕರು ಆ ಕೊನೆಯ ವಾರವಷ್ಟೇ ರೇಗಿದ್ದಕ್ಕೆ, ಪ್ರತಿ ಪುಟದಡಿ ಆ ಸಾಲು ತಾನಾಗಿ ಮೂಡುವಂತೆ ಮಾಡಿದ್ದವನು ಅವನೇ. ಓದುವವರಿಗಷ್ಟೇ ಅದು ಕಾಣುತ್ತಿತ್ತು. ಬರೆಯುವವನ ಪರದೆಯಲ್ಲಿ ಇರುತ್ತಿರಲಿಲ್ಲ. ಬರೆಯುವ ಗಾಬರಿಯಲ್ಲಿ ಮರೆತಿದ್ದ. ಇಷ್ಟನ್ನೂ ಅವಳಿಗೆ ಬಿಡಿಸಿ ಹೇಳಿದ.

“ನೀವು ಅಳಿಸಿದ್ದೇ ಉತ್ತರ ಅಂದ್ಕೊಂಡೆ...”

“ಬಾಯಲ್ಲಿ ಕೇಳೋಕೆ ಏನಾಗಿತ್ತು ನಿಮಗೆ?”

“ನಿಮಗೆ?”

ಅವನ ಮೇಲೆ ಬಂದ ಸಿಟ್ಟು ಅರ್ಧ ದಾರಿಯಲ್ಲಿ ತಿರುಗಿ ಅವಳನ್ನೇ ಕಚ್ಚಿತು. ಪುಟಗಳನ್ನಾದರೆ ಹಳೆಯದರಿಂದ ಹೊಸದಕ್ಕೆ ಸಾಗಿಸಬಹುದು. ಕಳೆದುಹೋದ ವರ್ಷಗಳನ್ನು?

“ಈಗಲೂ ಕೇಳಬೇಕು ಅನ್ಸುತ್ತಾ?”

“ಅನ್ಸುತ್ತೆ. ಭಯಾನೂ ಆಗುತ್ತೆ.”

“ನನಗೆ ಮಂಡಿನೋವು. ಈ ಕೋಪ ಇಳಿಯೋಕೆ ತಿಂಗಳುಗಟ್ಟಲೆ ಬೇಕು.”

“ಎದುರಿಗೇ ಕೂತಿರ್ತೀನಿ. ಬೈತಾ ಇರಿ.”

ಅವಳು ಕನ್ನಡಕ ತೆಗೆದು ಮೇಜಿನ ಮೇಲಿಟ್ಟಳು. “ಹಾಗಾದ್ರೆ ಕೇಳಿ.”

ಕೇಳಿದ. ಈ ಸಲ ಬಾಯಲ್ಲೇ.

“ಹೂಂ,” ಅಂದಳು. ಕಣ್ಣು ತುಂಬಿತ್ತು. “ಇಷ್ಟೇ ಇತ್ತು ನೋಡಿ. ಇಷ್ಟಕ್ಕೆ ನನ್ನ ಅರ್ಧ ಆಯಸ್ಸು ತಿಂದ್ರಿ.”

“ನನ್ನದೂ ಹೋಯ್ತು... ಉಳಿದದ್ದು ನಿಮ್ದೇ.”

“ಅದನ್ನ ನೀವೇ ಇಟ್ಕೊಳ್ಳಿ. ಪಕ್ಕದಲ್ಲಿ ಬಂದು ಕೂತ್ಕೊಳ್ಳಿ, ಸಾಕು.”