ಹಸಿರು ತ್ರಿಕೋನ

“ಎಂಟನೇ ಕ್ಲಾಸ ನಾಪಾಸ ನೀ! ಬಣ್ಣಾ ಬಳಿಯಾಂವ ನನಗ ಬುದ್ಧಿ ಹೇಳ್ತಿ?”

ಮಾಲೀಕ ಕೇದಾರ ಸಾಹೇಬರು ಕೂಗಿದಾಗ ಶಿವಾಜಿನಗರದ ಆ ಕೀಟನಾಶಕ ಕಂಪನಿಯ ಆಫೀಸಿನಲ್ಲಿ ಹನ್ನೊಂದು ಜನರಿದ್ದರು.

ಹನ್ನೊಂದೂ ಜನ ನಕ್ಕರು!

ನಾನು ಬಾಬು. ಒಂಬತ್ತು ವರ್ಷ ಅಲ್ಲಿ ಲೇಬಲ್ ಡಿಸೈನ್ ಮಾಡಿದವನು. ಎರಡು ತಿಂಗಳ ಹಿಂದೆ ನನ್ನ ಕುರ್ಚಿಗೆ ಎಐ ಬಂತು. ನನ್ನನ್ನು ಪ್ಯಾಕಿಂಗಿಗೆ ತಳ್ಳಿದರು.

ಕೈಯಲ್ಲಿದ್ದ ಕೀಟನಾಶಕದ ಬಾಟಲಿಯನ್ನು ಮೇಜಿನ ಮೇಲೆ ಕುಟ್ಟಿದೆ.

“ಸಾಹೇಬ್ರ, ಈ ತ್ರಿಕೋನ ಕೆಂಪು ಇರಬೇಕ್ರಿ. ಕೆಂಪು ಅಂದ್ರ ಕಡು ವಿಷ. ಇದು ಹಸಿರು ಅದ, ಅಂದ್ರ ಭಾಳ ಅಪಾಯ ಇಲ್ಲಂತ. ತಲಿಬುರುಡಿ ಜಾಗಾದಾಗ ಎಲಿ ಅದ!”

ಎಐ ನಡೆಸಲು ಬೆಂಗಳೂರಿನಿಂದ ಬಂದಿದ್ದ ಅಭಿಲಾಷ ಸ್ಕ್ರೀನಿನಿಂದ ತಲೆಯೆತ್ತಿದ.

“ಬ್ರ್ಯಾಂಡ್ ಕಲರ್ ಗ್ರೀನ್ ಅಂತ ಪ್ರಾಂಪ್ಟ್ ಕೊಟ್ಟಿದ್ದೆ ಗುರು. ಎಲ್ಲಾ ಮ್ಯಾಚ್ ಮಾಡ್ಬಿಟ್ಟಿದೆ. ಕ್ಲೀನಾಗೇ ಇದ್ಯಲ್ಲ!”

“ಕೆಳಗ ವಿಷ ಅಂತ ಬರದದಲೋ,” ಎಂದರು ಸಾಹೇಬರು. “ಮಂದಿಗೆ ಓದಾಕ ಬರೂದಿಲ್ಲೇನು?”

ಎಲ್ಲರಿಗೂ ಬರುವುದಿಲ್ಲ... ಅದಕ್ಕೇ ಬಣ್ಣ!

ಇದೇ ಬಾಟಲಿಗಳನ್ನು ತುಂಬಿದ ಟೆಂಪೋ ಆಗಲೇ ಇಂದಾಪುರಕ್ಕೆ ಹೊರಟಿತ್ತು. ಡ್ರೈವರ್ ಫೋನ್ ಎತ್ತಲಿಲ್ಲ. ಬೈಕಿಗೆ ಕಿಕ್ ಹೊಡೆದೆ.

ಸೋಲಾಪುರ ಹೈವೇ. ಕನ್ನಡಿಯಲ್ಲಿ ಸಾಹೇಬರ ಬಿಳಿ ಕಾರು. ಪಕ್ಕಕ್ಕೆ ಬಂತು. ಗಾಜು ಇಳಿಯಿತು.

“ಟೆಂಪೋ ಮುಟ್ಟಿದ್ರ ಕೈ ಮುರೀತೇನಿ, ಮಗನ!”

ಕಾರು ಒತ್ತಿತು. ನನ್ನ ಮೊಣಕಾಲು ಡಿವೈಡರಿಗೆ ಉಜ್ಜಿತು. ರಕ್ತ...

ಮುಂದೆ ಟೋಲ್. ಕಾರು ಸಾಲಿನಲ್ಲಿ ಸಿಕ್ಕಿಬಿತ್ತು. ಬೈಕಿಗೆ ಟೋಲ್ ಇಲ್ಲ, ಸ್ವಾಮಿ!

ಇಂದಾಪುರದ ಹೊರಗೆ ಒಂದು ಢಾಬಾ. ಟೆಂಪೋ ನಿಂತಿತ್ತು. ಡ್ರೈವರ್ ಏಕನಾಥ ಸೋರಿದ ಬಾಟಲಿಯನ್ನು ಬರಿಗೈಯಲ್ಲಿ ಒರೆಸಿ, ಅದೇ ಕೈಯಲ್ಲಿ ವಡಾಪಾವ್ ತಿನ್ನುತ್ತಿದ್ದ.

ಕೈಗೆ ಹೊಡೆದೆ. ವಡಾಪಾವ್ ಹಾರಿಹೋಯಿತು.

“ತಲಿ ಕೆಟ್ಟದೇನಲೇ?”

“ವಿಷ ಅದು, ಅಣ್ಣಾ!”

“ಹಸಿರು ಅದಲ್ಲೋ... ಏನಾಗ್ತದ?”

ತುಟಿಯಿಂದ ಜೊಲ್ಲು ಇಳಿಯುತ್ತಿತ್ತು. ಕಣ್ಣಿನ ಪಾಪೆ ಸೂಜಿಮೊನೆಯಷ್ಟಾಗಿತ್ತು.

ವಿಷ ಸೋರಿದ್ದ ಅವನ ಅಂಗಿ ಕಿತ್ತೆಸೆದೆ. ಸಾಬೂನು ಹಚ್ಚಿ ಕೈ, ಬಾಯಿ ತೊಳೆದೆ. ಢಾಬಾದವನ ಜೀಪಿಗೆ ಹತ್ತಿಸುವಾಗ ಏಕನಾಥ ನನ್ನ ಕಾಲರ್ ಹಿಡಿದ.

“ಎದುರಿನ ಗೊಬ್ಬರದ ಅಂಗಡ್ಯಾಗ... ಎರಡ ಪೆಟಗಿ... ಇಳಿಸೇನಿ...”

ಜೀಪು ಆಸ್ಪತ್ರೆಗೆ ಓಡಿತು. ಆಗ ಬಂತು ಬಿಳಿ ಕಾರು.

ಸಾಹೇಬರು ನೆಲದ ಮೇಲಿನ ಅಂಗಿ ನೋಡಿದರು. ಬಾಟಲಿ ನೋಡಿದರು. ದನಿ ಮೆತ್ತಗಾಯಿತು.

“ಬಾಬು... ನಾಳಿಂದ ನೀನ ಡಿಸೈನ್ ಹೆಡ್. ಇದು ಹೊರಗ ಹೋಗೂದು ಬ್ಯಾಡ. ಏನಂತಿ?”

ರಸ್ತೆಯಾಚೆ ಆ ಅಂಗಡಿಯ ಶಟರ್ ಮೇಲೇರುತ್ತಿತ್ತು. ಅಂಗಡಿಯವನ ಮಧ್ಯಾಹ್ನದ ನಿದ್ದೆ ಮುಗಿದಿತ್ತು. ಮೂವರು ಗಿರಾಕಿಗಳು ಬಾಗಿಲಲ್ಲೇ ಕಾಯುತ್ತಿದ್ದರು.

“ಏನಂತೀಯೋ, ಬಾಬು?”

ಬೆನ್ನು ತಿರುಗಿಸಿ ರಸ್ತೆ ದಾಟಿದೆ, ಆ ಎರಡು ಪೆಟ್ಟಿಗೆ ಮಾರಾಟವಾಗುವ ಮೊದಲೇ ಹಿಂದಕ್ಕೆ ತರಲು.

ಸಾಲಿನಲ್ಲಿ ನಾನು ನಾಲ್ಕನೆಯವನು!