ಬಾವಿ ಪಕ್ಕದ ಮರ ಯಾರದು

ಅರಳಗುಪ್ಪೆಯ ರಾಮಲಕ್ಷ್ಮಮ್ಮನ ತೋಟದಲ್ಲಿ, ಬಾವಿಯ ಪಕ್ಕಕ್ಕೆ ಒಂದು ತೆಂಗಿನ ಮರವಿದೆ. ಊರೆಲ್ಲ ಅದನ್ನು ತಿಲಕನ ಮರ ಅಂತಲೇ ಕರೆಯುತ್ತಿತ್ತು. ಮಗು ಹುಟ್ಟಿದರೆ ಅದರ ಹೆಸರಿನಲ್ಲಿ ಒಂದು ಸಸಿ ನೆಡುವುದು ಆ ಮನೆಯ ಪದ್ಧತಿ. ಮೊಮ್ಮಗ ತಿಲಕ್ ಹುಟ್ಟಿದ್ದು ದೂರದ ಮಸ್ಕತ್ತಿನಲ್ಲಿ. ಅವನಪ್ಪ ಅಲ್ಲಿ ಲಾರಿ ಓಡಿಸುತ್ತಿದ್ದ. ಅಜ್ಜಿ ಇಲ್ಲಿ ಸಸಿ ನೆಟ್ಟಿದ್ದಳು.

ಹೋದ ವರ್ಷ ಅಪ್ಪ ಅಮ್ಮನ ಜೊತೆ ಊರಿಗೆ ಬಂದು ನೆಲೆಸಿದ ತಿಲಕ್ ಮೊದಲ ದಿನವೇ ಆ ಮರ ನೋಡಲು ಹೋದ. ಹೋದರೆ ಯಾರೋ ಹುಡುಗಿ ಉದ್ದನೆಯ ದೋಟಿ ಎತ್ತಿ ಕಾಯಿ ಕೆಡವುತ್ತಿದ್ದಾಳೆ.

"ಅದು ನನ್ನ ಮರ," ಎಂದ.

ಆ ಹುಡುಗಿ, ಬಿಮಲಾ, ದೋಟಿ ಇಳಿಸಲಿಲ್ಲ. ಕತ್ತು ಮಾತ್ರ ತಿರುಗಿಸಿ, ಅವನ ಬೂಟಿನಿಂದ ಹಿಡಿದು ಕೂದಲವರೆಗೂ ನಿಧಾನವಾಗಿ ಕಣ್ಣು ಹಾಯಿಸಿದಳು. "ಹಂಗಾದ್ರೆ ಒಸಿ ದೂರ ನಿಂತ್ಕೊಳ್ರೀ. ಯಜಮಾನ್ರ ತಲೆ ಯಾವ್ದು ಅಂತ ಕಾಯಿಗೆ ಗೊತ್ತಾಗಕಿಲ್ಲ."

ಅವನು ನಕ್ಕ. ಅವಳ ಕಿರುಗಣ್ಣು, ಕೆಂಪು ಕೆನ್ನೆ ನೋಡಿ, ನೀವು ಯಾವ ದೇಶದವರು ಎಂದು ಕೇಳಿಯೂ ಬಿಟ್ಟ. ಕೇಳಿದ ಕನ್ನಡವಾದರೋ ಪೆಟ್ಟಿಗೆಯಿಂದ ಆಗಷ್ಟೇ ತೆಗೆದ ಹೊಸ ಬಟ್ಟೆಯ ಹಾಗೆ ಗರಿಗರಿಯಾಗಿತ್ತು.

"ನಾನು ಆ ಪಂಪ್‌ಹೌಸ್‌ನಾಗೇ ಹುಟ್ಟಿದ್ದು. ತಾವೆಲ್ಲಿ ಹುಟ್ಟಿದ್ರಿ?"

ಮರದ ವಿಚಾರ ನಿಮ್ಮಜ್ಜಿಯನ್ನೇ ಕೇಳಿ ಎಂದು ಹೇಳಿ, ಅವಳು ಕಾಯಿ ಆಯ್ದುಕೊಂಡು ಹೊರಟುಹೋದಳು. ಅವನು ಕೇಳಲಿಲ್ಲ. ಅವಳ ಆ ನೋಟ ಮನಸ್ಸಿನಲ್ಲಿ ಕೂತ ಮೇಲೆ ಮರದ ನೆನಪೇ ಹೋಯಿತು.

ಬಿಮಲಾಳ ಅಪ್ಪ ಮಾನ್ ಬಹದ್ದೂರ್ ಪ್ರಾಯದಲ್ಲಿ ನೇಪಾಳದಿಂದ ಬಂದು ಆ ತೋಟದ ಕಾವಲಿಗೆ ನಿಂತವನು. ಹೆಂಡತಿಗೆ ಪಂಪ್‌ಹೌಸಿನಲ್ಲೇ ಹೆರಿಗೆಯಾದಾಗ ಮಗುವನ್ನು ಕೈಗೆತ್ತಿಕೊಂಡವಳು ರಾಮಲಕ್ಷ್ಮಮ್ಮ. ಮಗುವಿನ ಹಿಂದೆಯೇ ಬಿದ್ದ ಕಸವನ್ನು, ಎಂದರೆ ಮಾಸನ್ನು, ಬಾವಿಯ ಪಕ್ಕ ಹೂತು, ಮೇಲೊಂದು ಸಸಿ ನೆಟ್ಟಳು. ಅದೇ ಮಳೆಗಾಲ ಮಸ್ಕತ್ತಿನ ಮೊಮ್ಮಗನಿಗೂ ಪಕ್ಕದಲ್ಲೇ ಇನ್ನೊಂದು. ಮುಂದಿನ ಬೇಸಿಗೆಗೆ ಅವನದು ಒಣಗಿತು. ಉಳಿದದ್ದಕ್ಕೆ ಊರು ತನ್ನಷ್ಟಕ್ಕೆ ತಾನೇ ತಿಲಕನ ಹೆಸರಿಟ್ಟಿತು.

ತೀರಿಹೋಗುವ ಮೊದಲು ಅಮ್ಮ ಇದನ್ನೆಲ್ಲ ಬಿಮಲಾಳಿಗೆ ಹೇಳಿದ್ದಳು. ಆದರೆ ಕಾವಲುಗಾರನ ಮಗಳು ಯಜಮಾನರ ಮೊಮ್ಮಗನ ಮರವನ್ನು ತನ್ನದೆಂದರೆ ಯಾರು ನಂಬುತ್ತಾರೆ? ಅವಳು ಸುಮ್ಮನೆ ಅದಕ್ಕೆ ನೀರು ಕಟ್ಟುತ್ತಿದ್ದಳು.

ತಿಲಕ್ ತೋಟದ ಕೆಲಸ ಕಲಿಯುವ ನೆಪ ಮಾಡಿಕೊಂಡು ದಿನಾ ಬರತೊಡಗಿದ. ಅಟ್ಟದ ಮೇಲೆ ವರ್ಷವಿಡೀ ಮಲಗಿ ಕೊಬ್ಬರಿಯಾಗುವ ಕಾಯಿಗಳಲ್ಲಿ ಆದದ್ದು ಯಾವುದು, ಆಗದ್ದು ಯಾವುದು ಎಂದು ಕೇಳಿದ. ಅವಳು ಒಂದನ್ನು ಅವನ ಕಿವಿಯ ಹತ್ತಿರ ಕುಲುಕಿದಳು.

"ಏನು ಕೇಳುಸ್ತು?"

"ನಿಮ್ಮ ಬಳೆ."

ಬಿಮಲಾ ಮುಖ ತಿರುಗಿಸಿಕೊಂಡಳು, ಆದರೆ ಕೈ ಮಾತ್ರ ಇನ್ನೊಂದು ಸಲ ಕುಲುಕಿತು.

ಈ ಹುಡುಗಿಯನ್ನೇ ಮದುವೆಯಾಗುತ್ತೇನೆ ಎಂದು ತಿಲಕ್ ಮನೆಯಲ್ಲಿ ಹೇಳಿದ ದಿನ ಜಗುಲಿಯ ಮೇಲೆ ಪಂಚಾಯಿತಿ ಕೂತಿತು. ಅವನ ದೊಡ್ಡಪ್ಪ ಶ್ರೀರಂಗಯ್ಯ ಒಪ್ಪಲಿಲ್ಲ. ಮಾನ್ ಬಹದ್ದೂರನೂ ಒಪ್ಪಲಿಲ್ಲ. ಅವನು ನೇಪಾಳದ ತನ್ನ ಗುಡ್ಡದೂರಿನಲ್ಲಿ ಮಗಳಿಗೆ ವರ ನೋಡಿ, ರೈಲಿಗೆ ಎರಡು ಟಿಕೆಟ್ ಮಾಡಿಸಿಯಾಗಿತ್ತು. ಮಗಳು ನಮ್ಮ ದೇಶದವಳು ಎಂದು ಮಾನ್ ಬಹದ್ದೂರ್, ಹೌದಪ್ಪ ನಿಮ್ಮ ದೇಶದವಳೇ ಎಂದು ಶ್ರೀರಂಗಯ್ಯ. ಅವಳನ್ನು ಮಾತ್ರ ಯಾರೂ ಕೇಳಲಿಲ್ಲ.

"ನಮ್ಮನೇಲಿ ಮಡಿಲು ತುಂಬಕ್ಕೆ ಹೆಣ್ಣಿನ ಹೆಸರಿನ ಮರದ ಕಾಯೇ ಆಗ್ಬೇಕು, ಅದೂ ತವರಿಂದು," ಎಂದ ಶ್ರೀರಂಗಯ್ಯ. "ಅವಳ ತವರ ಗುಡ್ಡದಾಗೆ ತೆಂಗೇ ಬೆಳೆಯಕಿಲ್ವಲ್ಲ, ಎಲ್ಲಿಂದ ತರ್ತೀಯಾ?"

ಬಿಮಲಾ ಅಟ್ಟದಿಂದ ಏಣಿ ಇಳಿದು ಬಂದಳು. ಸೆರಗಿನಲ್ಲಿ ಕೈ ಒರೆಸಿಕೊಂಡಳು.

"ಹುಟ್ಟಿದ ಜಾಗನೇ ದೇಶ ಅಂದ್ರೆ ತಿಲಕ್ ಅವ್ರು ಹೊರಗಿನೋರು. ಅಪ್ಪ ಅಮ್ಮನ ರಕ್ತನೇ ದೇಶ ಅಂದ್ರೆ ನಾನು ಹೊರಗಿನೋಳು. ಅವ್ರಿಗೆ ಒಂದು ಲೆಕ್ಕ, ನನಗೊಂದು ಲೆಕ್ಕ ಯಾಕೆ ದೊಡ್ಡಪ್ಪ? ನಮ್ಮಪ್ಪನ ಊರು ನನ್ನದಲ್ಲ ಅನ್ನಾಕಿಲ್ಲ ನಾನು. ಆದ್ರೆ ಅಲ್ಲಿ ನನಗೆ ದಾರಿ ಗೊತ್ತಿಲ್ಲ. ಇಲ್ಲಿ ಕಣ್ಣು ಕಟ್ಟಿ ಬುಟ್ರೂ ಮನೆಗೆ ಬತ್ತೀನಿ."

ಮರದ ವಿಚಾರ ಅಜ್ಜಿಯನ್ನೇ ಕೇಳಿ ಎಂದು ಅವಳು ಮೊದಲ ದಿನ ಹೇಳಿದ್ದು ತಿಲಕನಿಗೆ ನೆನಪಾಯಿತು. ಅಜ್ಜಿಯ ಮುಂದೆ ಹೋಗಿ ಕೂತ.

"ಅಜ್ಜಿ, ಬಾವಿ ಪಕ್ಕದ ಮರ ಯಾರದು?"

ರಾಮಲಕ್ಷ್ಮಮ್ಮ ಎಲೆಗೆ ಸುಣ್ಣ ಸವರುತ್ತಿದ್ದವಳು ತಲೆ ಎತ್ತಿದಳು. "ಬಿಮಲಂದು ಕಣಪ್ಪ. ನಿಂದು ಒಣಗೋಯ್ತು. ಅವಳ ಕಸದ ಮೇಲೆ ನಾನೇ ನೆಟ್ಟಿದ್ದು."

ಇಷ್ಟು ವರ್ಷ ಯಾಕೆ ಹೇಳಲಿಲ್ಲ ಎಂದು ಶ್ರೀರಂಗಯ್ಯ ಕೇಳಿದ.

"ನೀವ್ ಯಾರಾದ್ರೂ ಕೇಳಿದ್ರಾ? ತವರು ಎಲ್ಲಿ ಅಂತ ಹುಡುಕ್ತಾ ಇದ್ದೀಯಲ್ಲ, ಹೋಗಿ ಕಣ್ಣಾರೆ ನೋಡು. ಅವಳ ಕಾಯಿ ತಿಂದೇ ಬೆಳೆದೈತೆ ನಿನ್ನ ಹೊಟ್ಟೆ."

ಜಗುಲಿಯೆಲ್ಲ ನಕ್ಕಿತು. ಶ್ರೀರಂಗಯ್ಯ ಹೊಟ್ಟೆ ನೋಡಿಕೊಂಡ, ಕೊನೆಗೆ ತಾನೂ ನಕ್ಕ. ಮಾನ್ ಬಹದ್ದೂರ್ ಮಾತ್ರ ಎದ್ದು ಹೋಗಿ ಮರದ ಬುಡದಲ್ಲಿ ಕೂತು, ಅಲ್ಲಿನ ಮಣ್ಣನ್ನು ಅಂಗೈಯಲ್ಲಿ ಸವರಿದ. ಹೆಂಡತಿಯ ನೆನಪಿಗೆ ಅವನ ಕಣ್ಣು ತುಂಬಿತು. ತಿರುಗಿ ಬಂದವನು ಒಂದು ಟಿಕೆಟ್ ಸಾಕು ಎಂದ. ಊರಿಗೆ ಹೋಗಿ ಮದುವೆಗೆ ನೆಂಟರನ್ನು ಕರೆದುಕೊಂಡು ಬರುತ್ತೇನೆ ಎಂದ.

ಮಡಿಲು ತುಂಬುವ ದಿನ ಕಾಯಿ ಕೆಡವಲು ತಿಲಕ್ ತಾನೇ ದೋಟಿ ಎತ್ತಿದ. ಅದು ಗರಿಗೆ ಸಿಕ್ಕಿತೇ ಹೊರತು ಗೊನೆಗೆ ಸಿಗಲಿಲ್ಲ. ಬಿಮಲಾ ಹಿಂದಿನಿಂದ ಬಂದು ಅವನ ಕೈಯ ಮೇಲೆ ಕೈಯಿಟ್ಟಳು.

"ನನಗೆ ಈಗ ಮರವೇ ಇಲ್ಲದಂತಾಯಿತು," ಎಂದ ಅವನು ಮೆಲ್ಲಗೆ.

"ಪಕ್ಕದಾಗೆ ಜಾಗ ಹಂಗೇ ಐತೆ. ಈ ಮಳೆಗೆ ನೆಡಾನ. ನೀರು ನಾನು ಕಟ್ತೀನಿ, ಒಣಗಕ್ಕೆ ಬುಡಾಕಿಲ್ಲ."

"ದೂರ ನಿಲ್ಲಲೇ?"

"ಬ್ಯಾಡ," ಎಂದಳು ಬಿಮಲಾ. ಇಬ್ಬರೂ ಸೇರಿ ಎಳೆದರು. ಗೊನೆಗೆ ಗೊನೆಯೇ ಧಬಧಬನೆ ನೆಲಕ್ಕೆ ಬಿತ್ತು. ಮೊದಲ ಕಾಯನ್ನು ಅವಳು ಯಾರ ಕೈಯಿಂದಲೂ ಕೊಡಿಸಿಕೊಳ್ಳದೆ, ತಾನೇ ಎತ್ತಿ ಸೆರಗಿಗೆ ಹಾಕಿಕೊಂಡಳು.